ಬೆನ್ನು ತಾಗಿದ ಮೇಲೆ

ಮಗ ಗಂಗರಾಜು ಸತ್ತ ಸುದ್ದಿ ದೇವಸಮುದ್ರಕ್ಕೆ ಬಂದಾಗ ಉಸ್ತಾದ್ ದೊಡ್ಡಪಾಲಯ್ಯನವರು ಗರಡಿಯ ಮಣ್ಣಿಗೆ ಮಜ್ಜಿಗೆ ಬೆರೆಸುತ್ತಿದ್ದರು. ಎರಡು ಸಾವಿರದ ನಾಲ್ಕನೇ ಇಸವಿ, ಕಾರ್ತಿಕದ ಒಂದು ಶನಿವಾರ. ಚಳ್ಳಕೆರೆ ಬಸ್ಸಿಳಿದು ಓಡಿ ಬಂದ ಗಂಗರಾಜುವಿನ ಗೆಳೆಯ ಪ್ರಭು ಹೊಸ್ತಿಲಲ್ಲೇ ಕುಸಿದ. ಅವನ ಅಂಗಿಯ ಮೇಲಿನ ರಕ್ತ ಒಣಗಿ ಕಪ್ಪಾಗಿತ್ತು.

"ಉಸ್ತಾದ್ರೆ, ಗಂಗಣ್ಣನ್ನ ಎರ್ರಿಸ್ವಾಮಿ ಹೊಡ್ದಾಕಿಬಿಟ್ಟ."

ಎರ್ರಿಸ್ವಾಮಿ ಹೊರಗಿನವನಲ್ಲ. ಇದೇ ಗರಡಿಯಲ್ಲಿ ಗಂಗರಾಜುವಿನ ಜೊತೆ ಎಂಟು ವರ್ಷ ಸಾಮು ಮಾಡಿದವನು. ಇಬ್ಬರೂ ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಹಮಾಲರು. ಪ್ರಭುವಿನ ಸಿ.ಡಿ. ಅಂಗಡಿ ಮಂಡಿಯ ಎದುರಿಗೇ ಇತ್ತು. ಅವನು ಎಲ್ಲವನ್ನೂ ಕಣ್ಣಾರೆ ಕಂಡಿದ್ದ. ಲಾರಿ ಇಳಿಸುವ ಸರದಿ ಯಾರದೆಂದು ಮಾತಿಗೆ ಮಾತು ಬೆಳೆದು, ಎರ್ರಿಸ್ವಾಮಿ ಕಾಲು ಕೊಟ್ಟು ಗಂಗರಾಜುವನ್ನು ಅಂಗಾತ ಕೆಡವಿದ್ದ.

"ಬೆನ್ನು ನೆಲಕ್ಕೆ ತಾಗಿದ್ದೇ ತಡ, ಗಂಗಣ್ಣ ಎರಡೂ ಕೈ ಬಿಚ್ಚಿಬಿಟ್ಟ. 'ಆತು ಬಿಡಲೇ, ನೀನೇ ಗೆದ್ದೆ' ಅಂತ ನಕ್ಕ. ಎಬ್ಬಿಸ್ಲಿ ಅಂತ ಕೈ ಬ್ಯಾರೆ ಚಾಚಿದ. ಅವ್ನು ಎದೆ ಮ್ಯಾಲೆ ಕುಂತು, ಚೀಲ ಎತ್ತೋ ಕೊಕ್ಕೆ ತಗಂಡು ಕುತ್ತಿಗೆಗೆ..."

ದೊಡ್ಡಪಾಲಯ್ಯನವರ ಕೈಯಿಂದ ಮಜ್ಜಿಗೆಯ ಕೊಡ ಜಾರಿತು. ಬೆನ್ನಿಗೆ ಮಣ್ಣು ತಾಗಿದರೆ ಕೈ ಬಿಚ್ಚಬೇಕು. ಗೆದ್ದವನು ಸೋತವನ ಕೈ ಹಿಡಿದು ಎಬ್ಬಿಸಬೇಕು. ಮೂವತ್ತು ವರ್ಷ ಅವರು ಹುಡುಗರ ಮೈಗೆ ಹತ್ತಿಸಿದ ನೇಮ ಅದು. ಮಗನಿಗೂ ಅದನ್ನೇ ಕಲಿಸಿದ್ದರು, ಅವನನ್ನು ಕೊಂದವನಿಗೂ ಅದನ್ನೇ ಕಲಿಸಿದ್ದರು.

ಹನ್ನೊಂದನೆಯ ದಿನ ಹೆಂಡತಿ ಬೋರಕ್ಕ ಗರಡಿಯ ದೇವರ ಗೂಡಿಗೆ ಎಣ್ಣೆಯ ಬಟ್ಟಲು ತಂದಿಟ್ಟಳು. "ಆಂಜನೇಯನ ಮುಂದೆ ದೀಪ ಹಚ್ರಿ. ಮಗನಿಗೆ ನೆಮ್ಮದಿ ಸಿಗ್ಲಿ ಅಂತ ಒಂದ್ ಮಾತು ಬೇಡ್ಕಳ್ರಿ."

"ಆ ಕೊಕ್ಕೆ ಅವನ ಕುತ್ತಿಗೆಗೇ ಇಳೀಲಿ ಬೋರಿ. ಆಮ್ಯಾಲೆ ಹಚ್ತೀನಿ."

ಬೋರಕ್ಕ ಬಟ್ಟಲನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಎರ್ರಿಸ್ವಾಮಿ ಜೈಲಿನಲ್ಲಿದ್ದ. ಜಾಮೀನು ಸಿಕ್ಕರೆ ಕಣ್ಣಾರೆ ಕಂಡ ಸಾಕ್ಷಿಯ ಬಾಯಿ ಮುಚ್ಚಿಸಲು ಬಂದೇ ಬರುತ್ತಾನೆ ಎಂದು ಊರೆಲ್ಲ ಹೇಳುತ್ತಿತ್ತು. ಪ್ರಭು ಮುಚ್ಚುಮರೆ ಮಾಡಲಿಲ್ಲ. "ನಿಮಗೆ ಐವತ್ತೆಂಟು, ಅವನಿಗೆ ಇಪ್ಪತ್ತೆಂಟು. ನಿಮ್ಮನ್ನ ಕೆಡವೇ ಕೆಡವ್ತಾನೆ. ಬಿದ್ದ ಮ್ಯಾಲೇನ್ ಮಾಡ್ತೀರಿ?"

ಬಿದ್ದ ಮೇಲೆ ಮಾಡುವುದೇನೂ ದೊಡ್ಡಪಾಲಯ್ಯನವರಿಗೆ ಗೊತ್ತಿರಲಿಲ್ಲ. ಪ್ರಭು ಒಂದು ಸಿ.ಡಿ. ತಂದು ಹಾಕಿದ. ಬ್ರೆಜಿಲ್ ದೇಶದ ಕುಸ್ತಿ, ಜಿಜುತ್ಸು ಅಂತ ಹೆಸರು. ಅದರಲ್ಲಿ ಒಬ್ಬ ಸಣಕಲ ಅಂಗಾತ ಮಲಗಿ, ಮೇಲೆ ಬಂದ ದಾಂಡಿಗನನ್ನು ಚಾಪೆ ಮಗುಚಿದಂತೆ ಮಗುಚಿಹಾಕಿದ.

"ಇದ್ರಾಗೆ ಬೆನ್ನು ತಾಗಿದ್ರೆ ಮುಗಿಯಲ್ಲ ಉಸ್ತಾದ್ರೆ. ಅಲ್ಲಿಂದ್ಲೇ ಶುರು."

"ಇದೆಂಥ ನಾಚಿಕೆಗೇಡಿ ಕುಸ್ತಿಲೇ," ಎಂದರು ಅವರು. ಮತ್ತೆ ಅವರೇ, "ಇನ್ನೊಂದ್ಸಲ ಹಾಕು," ಎಂದರು.

ಮರುದಿನದಿಂದ ದಿನಾ ಬೆಳಗ್ಗೆ ಸಿ.ಡಿ.ಯಲ್ಲಿ ಕಂಡದ್ದನ್ನು ಕಲಿಯಲು ಇಬ್ಬರೂ ಗರಡಿಗಿಳಿದರು. ಮೇಲಿನವನನ್ನು ಎದೆಯ ಮೇಲೆ ಕೂರಲು ಬಿಡದೆ ಎರಡು ಕಾಲುಗಳ ನಡುವೆ ಹಿಡಿದಿಡಬೇಕು. ಅವನ ಬಲಗೈಯನ್ನು ಬಿಡದೆ ಬಿಗಿಹಿಡಿದಿರಬೇಕು, ಇಲ್ಲದಿದ್ದರೆ ಅದನ್ನೂರಿ ನಿಂತುಬಿಡುತ್ತಾನೆ. ಬಲಮೊಣಕಾಲು ಅವನ ಹೊಟ್ಟೆಗೆ ಅಡ್ಡ, ಎಡಗಾಲು ಅವನ ಮಂಡಿಯ ಹೊರಗೆ ನೆಲಕ್ಕೆ. ಆಮೇಲೆ ಕೈಯನ್ನು ಎಳೆದು, ಕಾಲುಗಳನ್ನು ಕತ್ತರಿಯಂತೆ ಆಡಿಸಬೇಕು.

ಕಾಲು ಎರಡು ವಾರದಲ್ಲಿ ಕಲಿತವು. ಕೈ ಮಾತ್ರ ಕಲಿಯಲಿಲ್ಲ. ಮಣ್ಣಿಗೆ ಬೆನ್ನು ತಾಗಿದೊಡನೆ ಬೆರಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು.

"ಕೈ ಬಿಡಬ್ಯಾಡ್ರಿ!" ಎಂದು ಪ್ರಭು ಕೂಗುತ್ತಿದ್ದ. ಕೂಗಿ ಸಾಕಾಗಿ, ಒಂದು ದಿನ ಕಪಾಳಕ್ಕೆ ಬಾರಿಸಿಯೇಬಿಟ್ಟ. ಬಾಯಿಂದ ರಕ್ತ ಬಂತು. ಉಸ್ತಾದರು ಉಗಿದು, "ಇನ್ನೊಂದು ಬಾರ್ಸು," ಎಂದರು. ಕೈ ಬಿಟ್ಟಾಗೆಲ್ಲ ಏಟು. ಯುಗಾದಿಯ ಹೊತ್ತಿಗೆ ಮುಖ ಊದಿಕೊಂಡಿತ್ತು, ಬೆರಳು ಬಿಗಿಯಾಗಿದ್ದವು.

ಜಾಮೀನು ಸಿಕ್ಕ ಎರ್ರಿಸ್ವಾಮಿ ವೈಶಾಖದಲ್ಲಿ ಗರಡಿಗೆ ಬಂದ. ಬೆಳಗಿನ ಎಂಟು ಗಂಟೆ, ಕೈಯಲ್ಲಿ ಕೊಕ್ಕೆ. ಉಸ್ತಾದರ ಕಡೆ ನೋಡಲಿಲ್ಲ. "ಸಾಕ್ಷಿ ಹೇಳ್ತೀಯೇನಲೇ ಪ್ರಭು? ನಾಲಿಗಿ ತೋರ್ಸು, ನೋಡಾಣ."

"ನನ್ನ ದಾಟಿ ಹೋಗು," ಎಂದು ದೊಡ್ಡಪಾಲಯ್ಯನವರು ಅಡ್ಡ ನಿಂತರು.

"ಮುದಿಯಾ, ನಿನ್ನ ಪಟ್ಟೆಲ್ಲ ನಂಗೊತ್ತೈತೆ. ಸರಿ ಆಚಿಗೆ."

ಕೊಕ್ಕೆ ಬೀಸಿದ. ಅವರ ಎಡಗಿವಿ ಹರಿದು ಜೋತುಬಿತ್ತು. ಪ್ರಭು ನುಗ್ಗಿದ, ಹೊಟ್ಟೆಗೆ ಬಿದ್ದ ಒದೆಗೆ ಗೋಡೆಗೆ ತಲೆ ಬಡಿದು ಉರುಳಿದ. ಎರ್ರಿಸ್ವಾಮಿ ಉಸ್ತಾದರ ಸೊಂಟ ಹಿಡಿದೆತ್ತಿ ಮಣ್ಣಿಗೆ ಅಪ್ಪಳಿಸಿದ. ಪಕ್ಕೆಲುಬು ಮುರಿದದ್ದು ಅವರಿಗೇ ಕೇಳಿಸಿತು.

ಬೆನ್ನು ತಾಗಿತ್ತು. ಬೆರಳು ಬಿಚ್ಚಲಿಲ್ಲ.

ಕೊಕ್ಕೆ ಹಿಡಿದ ಕೈ ಇಳಿಯುವಾಗ ಅದರ ಮಣಿಕಟ್ಟನ್ನು ಎರಡೂ ಕೈಯಿಂದ ಅದುಮಿ ಹಿಡಿದರು. ಎರ್ರಿಸ್ವಾಮಿ ಬರಿಗೈಯಿಂದ ಮುಖಕ್ಕೆ ಗುದ್ದಿದ, ಮತ್ತೆ ಗುದ್ದಿದ; ಎರಡು ಹಲ್ಲು ಗಂಟಲಿಗೆ ಹೋದವು. ಉಸ್ತಾದರ ಮೊಣಕಾಲು ಅಡ್ಡ ಬಂತು, ಎಡಗಾಲು ನೆಲಕ್ಕೆ ಅಂಟಿತು. ಎಳೆದರು. ಕಾಲು ಕತ್ತರಿಯಂತೆ ಆಡಿತು.

ಎಂಬತ್ತೈದು ಕಿಲೋ ಮೈ ಮಗುಚಿಬಿತ್ತು. ಅವನ ಕೈ ಅವನ ಭಾರಕ್ಕೇ ಸಿಕ್ಕಿ ಲಟಕ್ಕೆಂದು ಮುರಿದು, ಕೊಕ್ಕೆ ಜಾರಿತು. ಈಗ ಎದೆಯ ಮೇಲೆ ಉಸ್ತಾದರು, ಅವರ ಮುಷ್ಟಿಯಲ್ಲಿ ಕೊಕ್ಕೆ. ಅವನ ಬಾಯಿಗೆ ಗುದ್ದಿದರು, ಮೂಗು ಚಪ್ಪಟೆಯಾಗುವವರೆಗೆ ಗುದ್ದಿದರು. ಆಮೇಲೆ ಕೊಕ್ಕೆ ಎತ್ತಿದರು.

ಆಗ ಅವನ ಎಡಗೈ ಕಂಡಿತು. ಅದು ಹೊಡೆಯುತ್ತಿರಲಿಲ್ಲ, ತಡೆಯುತ್ತಲೂ ಇರಲಿಲ್ಲ. ಮಣ್ಣಿನ ಮೇಲೆ ಅಂಗೈ ಮೇಲಾಗಿ ಬಿಚ್ಚಿಕೊಂಡಿತ್ತು. ಗರಡಿಯ ಮಣ್ಣಿಗೆ ಬೆನ್ನು ತಾಗಿತ್ತು. ಎಂಟು ವರ್ಷದ ಪಾಠ ಆ ಮೈ ಮರೆತಿರಲಿಲ್ಲ. ಮಗನ ಕೈ ಹೀಗೇ ಇದ್ದಿರಬೇಕು. ಅದನ್ನು ನೋಡುತ್ತಲೇ ಇವನು ಇರಿದಿದ್ದ.

ಕೊಕ್ಕೆ ಇಳಿಯಿತು. ಅವನ ಕಿವಿಯ ಪಕ್ಕದ ಮಣ್ಣಿನಲ್ಲಿ ಹಿಡಿಯವರೆಗೂ ಹೂತಿತು.

"ಪ್ರಭು, ಹಗ್ಗ ತಾರಲೇ. ಇವನ್ನ ಕಟ್ಟು. ಪೊಲೀಸ್ರಿಗೆ ಹೇಳಿಕಳ್ಸು," ಎಂದು ಗೋಡೆ ಹಿಡಿದು ಏಳುತ್ತಿದ್ದವನಿಗೆ ಹೇಳಿದರು. ಎರ್ರಿಸ್ವಾಮಿಯ ಕೈ ಹಿಡಿದು ಎಬ್ಬಿಸಲಿಲ್ಲ. ಅಷ್ಟು ಅವರಿಂದ ಆಗಲಿಲ್ಲ.

ಹರಿದ ಕಿವಿಯನ್ನು ಅದುಮಿಕೊಂಡು ಆಂಜನೇಯನ ಮುಂದೆ ಹೋದರು. ಬಟ್ಟಲಿನ ಎಣ್ಣೆ ಒಣಗಿ ಅಂಟಾಗಿತ್ತು. ಸದ್ದು ಕೇಳಿ ಓಡಿ ಬಂದ ಬೋರಕ್ಕ ಹೊಸ ಎಣ್ಣೆ ಸುರಿದು ಬತ್ತಿ ಹೊಸೆದಳು. ಅವರು ದೀಪ ಹಚ್ಚಿ, ಗರಡಿಯ ಮಣ್ಣನ್ನು ಹಣೆಗಿಟ್ಟುಕೊಂಡರು.

"ತಂದೆ, ನನ್ನ ಮಗ ನೇಮ ತಪ್ಪಲಿಲ್ಲ. ಕೈ ಚಾಚಿಕೊಂಡೇ ಹೋದ. ಆ ಕೈಯನ್ನು ನೀನು ಹಿಡಿ. ಎಬ್ಬಿಸಿ, ಬೆನ್ನ ಮಣ್ಣು ಕೊಡವಿ, ನಿನ್ನ ಹತ್ತಿರ ಕೂರಿಸಿಕೋ. ಗಂಗರಾಜುವಿಗೆ ಶಾಂತಿ ಕೊಡಪ್ಪ."