ಹಿಂದಿನ ಸೀಟಿನ ತಪಾಸಣೆ

ನಮ್ಮನೆಯವರಿಗೆ ಒಂದು ಹುಚ್ಚು ಹಿಡಿದರೆ ಅದು ಇಳಿಯೋ ತನಕ ಮನೇಲಿ ಯಾರಿಗೂ ನೆಮ್ಮದಿ ಇಲ್ಲ. ಈ ಸಲದ ಹುಚ್ಚು, ನಮ್ಮ ಹಳೇ ಬೈಕು ನಡುಗುತ್ತೆ ಅನ್ನೋದು. ಮದುವೆಯಾದ ವರ್ಷ ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಗಾಡಿ. ಚೈನ್ ಇಲ್ಲ ಅದಕ್ಕೆ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಒಂದು ಉಕ್ಕಿನ ಶಾಫ್ಟು ತಿರುಗುತ್ತೆ. ಊರವರ ಗಾಡಿಯೆಲ್ಲ ರಿಪೇರಿ ಮಾಡುವ ಮೆಕ್ಯಾನಿಕ್ಕಿಗೆ ತನ್ನ ಗಾಡಿಯೇ ಕೈಕೊಟ್ಟರೆ ಮರ್ಯಾದೆ ಪ್ರಶ್ನೆ ನೋಡಿ. ಎಂಜಿನ್ನಿನ ಬೋಲ್ಟು ಬಿಗಿ ಮಾಡಿದರು, ಎರಡು ಕಾರ್ಬುರೇಟರನ್ನೂ ಸಮ ಮಾಡಿದರು, ಶಾಫ್ಟ್ ಇಳಿಸಿ ಹೊಸ ಜಾಯಿಂಟ್ ಹಾಕಿದರು, ಚಕ್ರ ಬ್ಯಾಲೆನ್ಸ್ ಮಾಡಿದರು. ಊಹೂಂ. ಹ್ಯಾಂಡಲ್ ಹಿಡಿದರೆ ಸಾಕು, ನಡುಕ ನಡುಕ ಅಂತ ಅದೇ ರಾಗ.

ಕೊನೆಗೆ ರೋಸಿಹೋಗಿ, ಹಳೇ ಗಾಡಿ ಬಿಚ್ಚಿ ಬಿಡಿಭಾಗ ಮಾರೋನಿಗೆ ಫೋನ್ ಮಾಡೇಬಿಟ್ಟರು. "ನಾಳೆ ಬೆಳಿಗ್ಗೆ ಬಂದು ತಗೊಂಡು ಹೋಗಪ್ಪ."

ನನಗೆ ಹೊಟ್ಟೆ ಉರಿದುಹೋಯಿತು. "ಅದನ್ನ ಬಿಚ್ಚಿಸ್ತೀರಾ? ನನ್ನ ಅರ್ಧ ಆಯಸ್ಸು ಅದರ ಹಿಂದಿನ ಸೀಟಲ್ಲಿ ಕಳೆದಿದೆ. ಮೊದಲು ನನ್ನನ್ನ ಕೂರಿಸ್ಕೊಂಡು ಒಂದು ರೌಂಡ್ ಹೋಗಿ."

"ನೀನೇನು ನೋಡ್ತೀಯ?" ಅಂದರು. ಆಹಾ, ಈಗ ಹೀಗೆ ಕೇಳ್ತಾರೆ! ಒಂದು ಕಾಲದಲ್ಲಿ ಇವರ ಮೀಟರು ನಾನೇ.

ಅದು ಶುರುವಾದದ್ದು ಮದುವೆಯಾದ ಹೊಸತರಲ್ಲಿ. ಒಂದು ಸಂಜೆ ಸುತ್ತಾಡಿ ಬರುವಾಗ "ರೀ, ಸೊಂಟಕ್ಕೆ ಏನೋ ಬಡೀತಿದೆ" ಅಂದೆ. ನಕ್ಕರು. ಮನೆಗೆ ಬಂದು ಬಿಚ್ಚಿದರೆ ಶಾಫ್ಟಿನ ಜಾಯಿಂಟ್ ತುಕ್ಕು ಹಿಡಿದು ಪುಡಿಯಾಗಿತ್ತು. ಅವತ್ತಿನಿಂದ ಗಿರಾಕಿಗಳ ಗಾಡಿಗೂ ನಾನೇ ಬೇಕು. ಎಂಜಿನ್ನಿನ ನಡುಕವಾದರೆ ಪಾದಕ್ಕೆ ಜುಮ್ ಅಂತ ಬರುತ್ತೆ, ಕ್ಲಚ್ ಹಿಡಿದು ಎಂಜಿನ್ನಿನ ವೇಗ ಇಳಿದ ಕೂಡಲೇ ನಿಲ್ಲುತ್ತೆ. ಶಾಫ್ಟಿನದಾದರೆ ಸೊಂಟಕ್ಕೆ ಬಡಿಯುತ್ತೆ, ಕ್ಲಚ್ ಹಿಡಿದರೂ ಚಕ್ರ ಉರುಳ್ತಿರೋ ತನಕ ಬಿಡಲ್ಲ. ಮಗಳು ಹೊಟ್ಟೇಲಿದ್ದಾಗಲೂ ನನಗೆ ರಜ ಕೊಡಲಿಲ್ಲ ಪುಣ್ಯಾತ್ಮ. "ಈಗ ಬಡೀತು ರೀ!" ಅಂದೆ ಒಂದು ದಿನ. ಗಾಡಿ ನಿಲ್ಲಿಸಿ, ರಸ್ತೆ ಪಕ್ಕ ಅಂಗಾತ ಮಲಗಿ ಶಾಫ್ಟ್ ಅಲ್ಲಾಡಿಸಿ ನೋಡಿದ್ದೇ ನೋಡಿದ್ದು. ಒದ್ದದ್ದು ಮಗು! ಇಬ್ಬರೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆವು. ಎಂಥಾ ದಿನಗಳು ಅವು. ನನಗೆ ಆ ಬೈಕ್ ಓಡಿಸೋಕೆ ಕಲಿಸಿದ್ದೂ ಇವರೇ. ಮಗಳು ಹುಟ್ಟಿದ ಮೇಲೆ ಹಿಂದೆ ಕೂತವಳು ಹಿಂದೆಯೇ ಉಳಿದೆ.

ಗೋದಾಮುಗಳ ಹಿಂದಿನ ನೇರ ರಸ್ತೆಗೆ ಹೋದೆವು. ಹಳೇ ಅಭ್ಯಾಸದಂತೆ ಕಣ್ಣು ಮುಚ್ಚಿ ಕೂತೆ. ಪಾದಕ್ಕೆ ಏನೂ ಇಲ್ಲ. ಸೊಂಟಕ್ಕೂ ಏನೂ ಇಲ್ಲ. "ಕ್ಲಚ್ ಹಿಡೀರಿ" ಅಂದೆ. ಹಿಡಿದರು.

"ನೋಡು, ಹಂಗೇ ಇದೆ! ಶಾಫ್ಟೇ ಇದು."

"ನ್ಯೂಟ್ರಲ್ ಮಾಡಿ, ಎಂಜಿನ್ ಆಫ್ ಮಾಡಿ." ಗಾಡಿ ಸದ್ದಿಲ್ಲದೆ ಉರುಳಿ ಉರುಳಿ ನಿಂತಿತು. "ಈಗ?"

ಇವರ ಹೆಗಲ ಮೇಲಿಂದ ಇಣುಕಿದೆ. ಎಂಜಿನ್ ಆಫ್, ಚಕ್ರ ನಿಂತಿದೆ, ಬಲಗೈ ಮಾತ್ರ ಹ್ಯಾಂಡಲ್ ಮೇಲೆ ನಡುಗ್ತಾನೇ ಇದೆ.

ನಾನು ಸುಮ್ಮನಿದ್ದರೆ ಇವರ ಮರ್ಯಾದೆ ಉಳಿಯುತ್ತೆ, ನಾಳೆ ಗಾಡಿ ಹೋಗುತ್ತೆ. ಹೇಳಿದರೆ ಗಾಡಿ ಉಳಿಯುತ್ತೆ. ಆದರೆ ಆ ಕೈಯನ್ನೇ ನಂಬಿ ಬದುಕಿದ ಮನುಷ್ಯನಿಗೆ ಹೇಗೆ ಹೇಳಲಿ?

"ರೀ, ಅವತ್ತು ಬಡಿದದ್ದು ಗಾಡಿ ಅಲ್ಲ, ಮಗು. ನೆನಪಿದೆಯಾ?"

"ಹೂಂ."

"ಇವತ್ತೂ ಗಾಡಿ ಅಲ್ಲ ರೀ."

ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದರು. ಬಯ್ಯುತ್ತಾರೇನೋ ಅಂತ ಕಾದೆ; ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನನಗೂ ಅನುಮಾನ ಇತ್ತು ಕಣೇ" ಅಂದರು. "ಗಾಡೀದೇ ಆಗಿರ್ಲಿ ಅಂತ ಇಷ್ಟೆಲ್ಲ ಬಿಚ್ಚಿದೆ."

"ಡಾಕ್ಟರ ಹತ್ರ ಹೋಗೋಣ."

"ಹೋಗೋಣ." ಇಳಿದು ಪಕ್ಕಕ್ಕೆ ನಿಂತರು. "ಮುಂದೆ ಕೂತ್ಕೋ."

"ಅಯ್ಯೋ, ನನಗೆಲ್ಲಿ ಬರುತ್ತೆ ಈಗ!"

"ಕಲಿಸಿದ್ದು ಯಾರು? ಕೂತ್ಕೋ ಅಂದ್ರೆ."

ಮೊದಲ ಸಲ ಜರ್ಕ್ ಹೊಡೆದು ಎಂಜಿನ್ ನಿಂತೇಹೋಯಿತು. "ಕ್ಲಚ್ ನಿಧಾನಕ್ಕೆ ಬಿಡೇ!" ಅಂತ ಹಿಂದಿನಿಂದ ಗದರಿದ್ದಾಯಿತು. ಎರಡನೇ ಸಲ ಹೊರಟಿತು. ಇವರ ಬಲಗೈ ನನ್ನ ಹೆಗಲ ಮೇಲಿತ್ತು. ಬಟ್ಟೆ ದಾಟಿ ಆ ನಡುಕ ನನ್ನ ಮೈಗೆ ತಾಗ್ತಾ ಇತ್ತು. ಕಣ್ಣು ತುಂಬಿಕೊಂಡಿತು, ಒರೆಸಿಕೊಳ್ಳೋಕೆ ಕೈ ಬಿಡೋ ಹಾಗಿಲ್ಲ. ಮೂರನೇ ಗೇರಿಗೆ ಹಾಕಿ ಕೇಳಿದೆ, "ಏನಾದ್ರೂ ಗೊತ್ತಾಗ್ತಿದೆಯಾ?"

ಗಿರಾಕಿಗೆ ಹೇಳೋ ಗತ್ತಿನಲ್ಲೇ ಹೇಳಿದರು: "ಪಾದಕ್ಕಿಲ್ಲ. ಸೊಂಟಕ್ಕಿಲ್ಲ. ಗಾಡಿ ಚೆನ್ನಾಗಿದೆ ಕಣೇ. ನಾಳೆ ಬರಬೇಡ ಅಂತ ಅವನಿಗೆ ಹೇಳಿಬಿಡು."