ಸೋಲಲೆಂದೇ ಸಾಕಿದ ಕಂಪ್ಯೂಟರ್

ತ್ರಿವಿಕ್ರಮನಿಗೆ ತನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಆ ಅಭಿಪ್ರಾಯಕ್ಕೆ ಧಕ್ಕೆ ಬಾರದಂತೆ ನೋಡಿಕೊಳ್ಳುವುದರಲ್ಲೇ ಅವನ ಅರ್ಧ ಆಯಸ್ಸು ಕಳೆದಿತ್ತು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಮೆಲ್ಬರ್ನ್‌ಗೆ ಬಂದು ಗ್ಲೆನ್ ವೇವರ್ಲಿಯಲ್ಲಿ ಮನೆ ಮಾಡಿದ್ದ ಈ ಮಹಾಶಯ, ಕನ್ನಡ ಸಂಘದ ಯುಗಾದಿ ಊಟದಲ್ಲಿ ಪಕ್ಕಕ್ಕೆ ಯಾರು ಕೂತರೂ ಅವರು ಒಬ್ಬಟ್ಟು ಮುಗಿಸುವಷ್ಟರಲ್ಲಿ ತಾನು ಕಟ್ಟಿದ ಪೆಟ್ಟಿಗೆಯ ವಿಷಯ ತೆಗೆದಿರುತ್ತಿದ್ದ. ಹೆಂಡತಿ ಅಪರ್ಣ ಮೇಜಿನ ಕೆಳಗೆ ಕಾಲು ತುಳಿದು ತುಳಿದು ಸಾಕಾಗಿ ಬೇರೆ ಮೇಜಿಗೆ ಹೋಗಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದಳು.

ಪೆಟ್ಟಿಗೆಯ ಕೆಲಸ ಇಷ್ಟೇ. ದಪ್ಪ ದಪ್ಪ ಕಾನೂನು ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಇಡುವಾಗ ಪ್ರತಿ ತುಂಡಿಗೂ ಒಂದು ಗುರುತು ಹಾಕಿರುತ್ತಾರೆ: ಇದು ಅಧ್ಯಾಯದ ಹೆಸರು, ಇದು ಕಲಮು, ಇದು ಅಡಿಟಿಪ್ಪಣಿ ಎಂದು. ಆ ಗುರುತುಗಳನ್ನು ಓದಿಕೊಂಡು ಅದೇ ಪುಸ್ತಕವನ್ನು ಅಚ್ಚಿಗೆ ಒಂದು ರೂಪಕ್ಕೆ, ಸಿ.ಡಿ.ಗೆ ಇನ್ನೊಂದು ರೂಪಕ್ಕೆ ತಿರುಗಿಸಬೇಕು. ಮಾಮೂಲಿ ಕಂಪ್ಯೂಟರ್ ಇದನ್ನು ತಿಣುಕಾಡಿಕೊಂಡು ಮಾಡುತ್ತಿತ್ತು. ತ್ರಿವಿಕ್ರಮನ ಪೆಟ್ಟಿಗೆಯೊಳಗಿನ ಚಿಪ್‌ಗಳಿಗೆ ಪ್ರಪಂಚದಲ್ಲಿ ಇದೊಂದನ್ನು ಬಿಟ್ಟು ಬೇರೆ ಏನೂ ಗೊತ್ತಿರಲಿಲ್ಲ. ಆದ್ದರಿಂದಲೇ ಇದನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತಿದ್ದವು. ಯಜಮಾನನ ಗುಣವೇ ಪೆಟ್ಟಿಗೆಗೂ ಬಂದಿದೆ ಎಂದು ಅಪರ್ಣ ಹೇಳುತ್ತಿದ್ದಳು.

ಬರೀ ಪೆಟ್ಟಿಗೆಯನ್ನು ತೋರಿಸಿದರೆ ನೋಡುವವರಿಗೆ ವೇಗ ಗೊತ್ತಾಗುವುದಿಲ್ಲ. ಹಾಗಾಗಿ ತ್ರಿವಿಕ್ರಮ ಮತ್ತು ಕಂಪನಿಯಲ್ಲಿ ಅವನ ಜೊತೆಗಾರನಾಗಿದ್ದ, ಕರಾವಳಿ ಕಡೆಯ ನೋರ್ಬರ್ಟ್ ಒಂದು ಪದ್ಧತಿ ಮಾಡಿಕೊಂಡಿದ್ದರು. ಎಲ್ಲಿಗೆ ಹೋದರೂ ಜೊತೆಗೆ ಒಂದು ಮಾಮೂಲಿ ಕಂಪ್ಯೂಟರನ್ನೂ ಹೊತ್ತೊಯ್ಯುವುದು. ಎರಡಕ್ಕೂ ಒಂದೇ ಪುಸ್ತಕ ಕೊಟ್ಟು ಪಂದ್ಯಕ್ಕೆ ಬಿಡುವುದು. ಆ ಕಂಪ್ಯೂಟರಿಗೆ ಅವರಿಟ್ಟ ಹೆಸರು ಬಡಪಾಯಿ. ಬಡಪಾಯಿಯ ಉದ್ಯೋಗವೇ ಸೋಲುವುದು, ಮತ್ತು ಅದು ಬಹಳ ನಿಷ್ಠೆಯಿಂದ ಸೋಲುತ್ತಿತ್ತು. ಪೆಟ್ಟಿಗೆ ಕೆಲಸ ಮುಗಿಸಿದ ಮೇಲೆ ತ್ರಿವಿಕ್ರಮ ಎದುರಿಗಿದ್ದವರನ್ನು, "ಇದು ಮುಗಿಸೋವರೆಗೆ ಎಲ್ಲರೂ ಟೀ ಕುಡಿದು ಬರೋಣವೇ?" ಎಂದು ಕೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ಆ ಮಾತನ್ನು ಅವನು ಅದೆಷ್ಟು ಸಲ ಹೇಳಿದ್ದನೋ, ಪ್ರತಿ ಸಲವೂ ಆಗಷ್ಟೇ ಹೊಳೆದಂತೆ ಹೇಳುತ್ತಿದ್ದ.

ಬಡಪಾಯಿಯನ್ನು ಕೊಂಡದ್ದು ತೊಂಬತ್ತರಲ್ಲಿ. ಈಗ ತೊಂಬತ್ತನಾಲ್ಕು. ನೋರ್ಬರ್ಟ್ ಒಮ್ಮೆ, "ಹೊಸ ಕಂಪ್ಯೂಟರ್ ಒಂದು ತೆಗೆದುಕೊಂಡರೆ ಹೇಗೆ ಮಾರಾಯಾ? ಇದು ತುಂಬ ಹಳತಾಯ್ತಲ್ಲ," ಎಂದಾಗ ತ್ರಿವಿಕ್ರಮ, "ಸೋಲೋದಕ್ಕೆ ಹೊಸದು ಯಾಕೆ?" ಎಂದು ಹಾರಿಸಿಬಿಟ್ಟಿದ್ದ. ಆಗ ಅವನ ಹೊಟ್ಟೆಯಲ್ಲಿ ಸಣ್ಣಗೆ ಏನೋ ಕದಲಿತ್ತು. ಅದನ್ನು ಅವನು ಗ್ಯಾಸ್ಟ್ರಿಕ್ ಎಂದುಕೊಂಡ.

ಆ ವರ್ಷ ಕಂಪನಿಯ ಯಜಮಾನ ಇಬ್ಬರನ್ನೂ ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿದ. ಸಿಡ್ನಿಯ ಕಾನೂನು ಪುಸ್ತಕದ ಪ್ರಕಾಶಕರು ಪೆಟ್ಟಿಗೆಯನ್ನು ಒಪ್ಪಿದರೆ ಸರಿ. ಇಲ್ಲದಿದ್ದರೆ ಕ್ರಿಸ್‌ಮಸ್ ಹೊತ್ತಿಗೆ ನಿಮ್ಮ ವಿಭಾಗವನ್ನು ಮುಚ್ಚುತ್ತೇನೆ. ನೋರ್ಬರ್ಟ್‌ನ ಹೆಂಡತಿ ನತಾಲಿಯಾಗೆ ದಿನ ತುಂಬುತ್ತ ಬಂದಿದ್ದರಿಂದ ತ್ರಿವಿಕ್ರಮ ಒಬ್ಬನೇ ಹೊರಟ. ಪೆಟ್ಟಿಗೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ರಜಾಯಿ ಹೊದಿಸಿ, ಸೀಟ್‌ಬೆಲ್ಟ್ ಹಾಕಿದ. ಬಡಪಾಯಿ ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕದಲ್ಲಿ ಕೂತಿತು.

ಕಂಪನಿ ಮೋಟೆಲ್ ಬುಕ್ ಮಾಡಿಕೊಡಲು ತಯಾರಿತ್ತು. ಆದರೆ ಸಿಡ್ನಿಯ ಎಪ್ಪಿಂಗ್‌ನಲ್ಲಿ ಕಾಲೇಜಿನ ಗೆಳೆಯ ಗುರುದತ್ತನ ಫ್ಲ್ಯಾಟ್ ಇರುವಾಗ ಮೋಟೆಲಿನಲ್ಲಿ ಇಳಿಯುವುದೆಂದರೆ ಜನ್ಮವಿಡೀ ಆ ಮಾತು ಕೇಳಬೇಕಾಗುತ್ತದೆ. ಗುರುದತ್ತನ ತಾಯಿ ಅನಸೂಯಮ್ಮನವರೂ ಮೈಸೂರಿನಿಂದ ಬಂದಿದ್ದರು. ನವರಾತ್ರಿಯ ದಿನಗಳು. ಟಿ.ವಿ. ಪಕ್ಕದ ಮೇಜಿನ ಮೇಲೆ ಸಣ್ಣದಾಗಿ ಗೊಂಬೆ ಕೂರಿಸಿ, ಮುಂದೆ ಸರಸ್ವತಿಯ ಪಟ ಮತ್ತು ಪುಸ್ತಕಗಳನ್ನು ಇಟ್ಟಿದ್ದರು. ಕಾರಿನಲ್ಲಿ ಬಿಟ್ಟರೆ ಕಳ್ಳರ ಭಯವೆಂದು ತ್ರಿವಿಕ್ರಮ ಎರಡು ಯಂತ್ರಗಳನ್ನೂ ಒಳಗೆ ತಂದು ಮೂಲೆಯಲ್ಲಿಟ್ಟ.

ಮರುದಿನ ಪಂದ್ಯ. ಅಂದೇ ಆಯುಧಪೂಜೆ. ಬೆಳಿಗ್ಗೆ ಸ್ನಾನ ಮುಗಿಸಿ, ಟೈ ಕಟ್ಟಿಕೊಂಡು ಹೊರಗೆ ಬಂದರೆ ಪೆಟ್ಟಿಗೆ ಮತ್ತು ಬಡಪಾಯಿ ಎರಡೂ ಸರಸ್ವತಿಯ ಮುಂದೆ ಕೂತಿವೆ. ಅರಿಶಿನ, ಕುಂಕುಮ, ನೆತ್ತಿಯ ಮೇಲೆ ಒಂದೊಂದು ಸೇವಂತಿಗೆ. ಗುರುದತ್ತ ಪಕ್ಕದಲ್ಲಿ ಸೊಂಟ ಹಿಡಿದುಕೊಂಡು ನಿಂತಿದ್ದ. ಎತ್ತಿ ಇಟ್ಟವನು ಅವನೇ.

"ಪುಸ್ತಕ ಓದೋ ಯಂತ್ರ ಅಂದ್ಯಲ್ಲಪ್ಪ, ಅದಕ್ಕೇ ಅಲ್ಲಿಟ್ಟೆ," ಎಂದರು ಅನಸೂಯಮ್ಮ, ಮಂಗಳಾರತಿ ತಟ್ಟೆ ಹಿಡಿದುಕೊಂಡೇ. "ಇವತ್ತೊಂದು ದಿನ ಮುಟ್ಟೋ ಹಾಗಿಲ್ಲ. ನಾಳೆ ವಿಜಯದಶಮಿ, ತೆಗೆದುಕೊಂಡು ಹೋಗು."

"ಅಮ್ಮಾ, ನಾನು ಬಂದಿರೋದೇ ಅದನ್ನ ತೋರಿಸೋಕೆ. ಹತ್ತು ಗಂಟೆಗೆ ಅಪಾಯಿಂಟ್‌ಮೆಂಟ್ ಇದೆ."

"ಪೂಜೆಗೆ ಇಟ್ಟಿದ್ದನ್ನ ಅರ್ಧಕ್ಕೆ ಎತ್ತಿದ್ರೆ ಒಳ್ಳೇದಾಗುತ್ತೇನಪ್ಪ? ನಿಮ್ಮಮ್ಮ ಆಗಿದ್ರೆ ಬಿಡ್ತಿದ್ರಾ?"

ಗುರುದತ್ತ ಹಿಂದಿನಿಂದ ಕೈಸನ್ನೆ ಮಾಡಿ, ವಾದ ಬೇಡ ಎಂದು ಬೇಡಿಕೊಂಡ. ಕೊನೆಗೆ ತ್ರಿವಿಕ್ರಮನೇ ಒಂದು ರಾಜಿ ಸೂತ್ರ ಹೊರಡಿಸಿದ. ಒಂದು ಹೋಗಲಿ, ಒಂದು ಇರಲಿ. ಯಾವುದು ಇರಬೇಕು ಎಂದು ಯೋಚಿಸುವ ಅಗತ್ಯವೇ ಅವನಿಗೆ ಕಾಣಲಿಲ್ಲ. ಪ್ರಕಾಶಕರ ಆಫೀಸಿನಲ್ಲಿ ಕಂಪ್ಯೂಟರುಗಳಿಗೇನು ಬರವೇ? ಯಾವುದಾದರೊಂದನ್ನು ಕೇಳಿ ಪಡೆದರಾಯಿತು. ಸೋಲುವುದಕ್ಕೆ ವಿಶೇಷ ಯೋಗ್ಯತೆಯೇನೂ ಬೇಡ. ಬಡಪಾಯಿಯ ಪ್ರೋಗ್ರಾಮ್ ಇದ್ದ ಫ್ಲಾಪಿಯನ್ನು ಜೇಬಿಗೆ ಹಾಕಿಕೊಂಡು, ಪೆಟ್ಟಿಗೆಯ ಹೂವು ತೆಗೆದು, ಕುಂಕುಮ ಒರೆಸಿಕೊಂಡು ಹೊರಟ. ಚಾಣಾಕ್ಷತನದಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂದು ಹಾರ್ಬರ್ ಕಡೆ ಕಾರು ಓಡಿಸುತ್ತ ಅವನಿಗೆ ಅನ್ನಿಸಿತು.

ಪ್ರಕಾಶಕರ ಆಫೀಸಿನಲ್ಲಿ ನಿರ್ಧಾರ ಮಾಡುವವಳು ಮಾರ್ಗರೆಟ್ ಡನ್ ಎಂಬ ಹಿರಿಯ ಹೆಂಗಸು. ನಮ್ಮದೊಂದು ಕಂಪ್ಯೂಟರ್ ಇದೆ, ಇವತ್ತು ತರಲಾಗಲಿಲ್ಲ, ಒಂದು ಮಾಮೂಲಿ ಕಂಪ್ಯೂಟರ್ ಬೇಕಾಗಿತ್ತು ಎಂದಾಗ ತನ್ನ ಸೆಕ್ರೆಟರಿ ಜೂಲಿಯ ಮೇಜಿನ ಮೇಲಿದ್ದುದನ್ನೇ ತರಿಸಿಕೊಟ್ಟಳು. ಜೂಲಿಗೆ ಅದನ್ನು ಬಿಟ್ಟುಕೊಡಲು ಅಷ್ಟೇನೂ ಇಷ್ಟವಿರಲಿಲ್ಲ. ಹೋದ ತಿಂಗಳಷ್ಟೇ ಅಂಗಡಿಯಿಂದ ಬಂದದ್ದು, ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಅವಳು ಇನ್ನೂ ತೆಗೆದಿರಲಿಲ್ಲ. ತೆರಿಗೆ ಕಾನೂನಿನ ಒಂದು ದಪ್ಪ ಸಂಪುಟವನ್ನು ಎರಡು ಯಂತ್ರಗಳಿಗೂ ಕೊಟ್ಟರು. ತ್ರಿವಿಕ್ರಮ ಎರಡೂ ಕೈಯಿಂದ ಎರಡೂ ಗುಂಡಿ ಒತ್ತಿ, ಟೈ ಸರಿಮಾಡಿಕೊಂಡು, ಪೆಟ್ಟಿಗೆ ಮುಗಿಸುವುದಕ್ಕೂ ಕಾಯದೆ ಟೀ ಮಾತಿಗಾಗಿ ಗಂಟಲು ಸರಿಮಾಡಿಕೊಂಡ.

"ಇದು ಮುಗಿಸೋವರೆಗೆ ಎಲ್ಲರೂ..." ಎನ್ನುವಷ್ಟರಲ್ಲಿ ಜೂಲಿಯ ಕಂಪ್ಯೂಟರ್ ಪೀಂ ಎಂದಿತು. ಮುಗಿದಿತ್ತು. ಪೆಟ್ಟಿಗೆ ಇನ್ನೂ ಕೆಂಪು ದೀಪ ಮಿಟುಕಿಸುತ್ತ ಅಡಿಟಿಪ್ಪಣಿಗಳಲ್ಲಿ ಒದ್ದಾಡುತ್ತಿತ್ತು.

ತ್ರಿವಿಕ್ರಮ ಪೆಟ್ಟಿಗೆಯ ಹಿಂಬದಿಗೆ ಬಗ್ಗಿ ನೋಡಿದ. ಕೇಬಲ್ ಸಡಿಲವಾಗಿರಬೇಕು ಎಂದ. ಕೇಬಲ್ ಬಿಗಿ ಮಾಡಿ ಮತ್ತೆ ಓಡಿಸಿದ. ಮತ್ತೆ ಪೀಂ. ಬೇರೆ ಸಂಪುಟ ಕೊಟ್ಟು ನೋಡಿದ. ಇನ್ನೂ ಬೇಗ ಪೀಂ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಮಾರ್ಗರೆಟ್ ಪಾಪ, ಅವನ ಬೆವರು ನೋಡಲಾರದೆ ತಾನೇ ದಾರಿ ಹುಡುಕಿಕೊಟ್ಟಳು.

"ನಮ್ಮ ಮೆಷಿನ್ನಿಗೆ ಏನೋ ಆಗಿರಬೇಕು," ಎಂದಳು ಇಂಗ್ಲಿಷಿನಲ್ಲಿ. "ಅವಸರಪಟ್ಟು ಏನಾದರೂ ಬಿಟ್ಟುಬಿಡುತ್ತಿದೆಯೋ ಏನೋ. ನಿಮ್ಮದೇ ಕಂಪ್ಯೂಟರ್ ಇದೆ ಅಂದಿರಲ್ಲ, ನಾಳೆ ಅದನ್ನು ತನ್ನಿ."

ಇರಬಹುದು, ಎಂದ ತ್ರಿವಿಕ್ರಮ. ಆ ಒಂದು ಪದ ಹೇಳುವಾಗ ಅವನಿಗೆ ತನ್ನ ಷೂಗಳನ್ನು ನೋಡಬೇಕೆನ್ನಿಸಿತು.

ಎಪ್ಪಿಂಗ್ ಸ್ಟೇಷನ್ನಿನ ಫೋನ್ ಬೂತಿನಿಂದ ಮೆಲ್ಬರ್ನ್‌ನಲ್ಲಿದ್ದ ನೋರ್ಬರ್ಟ್‌ಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದ.

"ನಾನು ಮಾರ್ಚಿನಲ್ಲೇ ನೋಡಿದ್ದೆ ಮಾರಾಯಾ," ಎಂದ ನೋರ್ಬರ್ಟ್. "ನನ್ನ ತಮ್ಮ ಹೊಸ ಪೆಂಟಿಯಂ ಕಂಪ್ಯೂಟರ್ ತೆಗೊಂಡಿದ್ದ. ಸುಮ್ಮನೆ ಅದರಲ್ಲಿ ಹಾಕಿ ನೋಡಿದೆ. ಅದೇ ಮೊದಲು ಮುಗಿಸ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೊಸದು ತೆಗೊಳ್ಳುವ ಅಂತ ಕೇಳಿದೆನಲ್ಲ. ನೀನು ನನ್ನ ಮುಖ ಸಹ ನೋಡ್ಲಿಲ್ಲ. ಆಮೇಲೆ ಎಂತ ಹೇಳುವುದು?"

ತ್ರಿವಿಕ್ರಮನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ತನ್ನ ಗ್ಯಾಸ್ಟ್ರಿಕ್‌ಗೆ ಯಾವ ಮಾತ್ರೆಯೂ ಯಾಕೆ ಹಿಡಿಯಲಿಲ್ಲವೆಂದು ಮಾತ್ರ ಅವನಿಗೆ ಈಗ ತಿಳಿಯಿತು.

"ನಾಳೆ ನಮ್ಮದನ್ನೇ ತೆಗೊಂಡು ಹೋಗು," ಎಂದ ನೋರ್ಬರ್ಟ್, ದನಿ ತಗ್ಗಿಸಿ. "ಅವರೇ ಹೇಳಿದ್ದಲ್ವಾ? ನಾವೇನೂ ಸುಳ್ಳು ಹೇಳಿದ ಹಾಗೆ ಆಗುದಿಲ್ಲ. ನನಗೆ ಈಗ ಕೆಲಸ ಹೋದ್ರೆ ಕಷ್ಟ ಉಂಟು. ನತಾಲಿಯಾಗೆ ಇನ್ನೂ ಎಂತದೂ ಹೇಳ್ಲಿಲ್ಲ."

ಮರುದಿನ ಬೆಳಿಗ್ಗೆ ಅನಸೂಯಮ್ಮ ವಿಧಿವತ್ತಾಗಿ ಪೂಜೆ ವಿಸರ್ಜಿಸಿ, ಬಡಪಾಯಿಯನ್ನು ತಮ್ಮ ಕೈಯಿಂದಲೇ ಒಂದಿಷ್ಟು ಕದಲಿಸಿದರು. "ವಿಜಯದಶಮಿ. ಇವತ್ತು ಕೈಹಾಕಿದ ಕೆಲಸ ಆಗೇ ಆಗುತ್ತೆ. ಹೋಗಿ ಬಾ," ಎಂದರು. ಅವರ ಕಾಲಿಗೆ ನಮಸ್ಕರಿಸುವಾಗ ತ್ರಿವಿಕ್ರಮನಿಗೆ ದೇವರ ಹೆಸರಿನಲ್ಲಿ ಅಡ್ಡದಾರಿ ಹಿಡಿಯುತ್ತಿದ್ದೇನೆ ಅನ್ನಿಸದೆ ಇರಲಿಲ್ಲ. ಆದರೆ ನೋರ್ಬರ್ಟ್‌ನ ಹುಟ್ಟಲಿರುವ ಮಗುವನ್ನು ನೆನೆದ. ಪರೋಪಕಾರಕ್ಕಾಗಿಯೇ ಹೋಗುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡು, ಅದನ್ನು ಪೂರ್ತಿ ನಂಬಿ, ಕಾರು ಹತ್ತಿದ.

ಪಂದ್ಯ ಅದ್ಭುತವಾಗಿ ನಡೆಯಿತು. ಪೆಟ್ಟಿಗೆ ತೆರಿಗೆ ಸಂಪುಟವನ್ನು ಮುಗಿಸಿ, ಇನ್ನೊಂದನ್ನು ಮುಗಿಸಿ, ಮೂರನೆಯದಕ್ಕೆ ಕೈಹಾಕಿದರೂ ಬಡಪಾಯಿ ಮೊದಲನೆಯದರ ಪರಿವಿಡಿಯಲ್ಲೇ ಏದುಸಿರು ಬಿಡುತ್ತಿತ್ತು. ಹಣೆಯ ಮೇಲೆ ಕುಂಕುಮ ಬೇರೆ. "ಟೀ ಕುಡಿದು ಬರೋಣವೇ?" ಎಂದ ತ್ರಿವಿಕ್ರಮ. ಎಲ್ಲರೂ ಗೊಳ್ಳೆಂದು ನಕ್ಕರು. ನಿಜ ಹೇಳಬೇಕೆಂದರೆ, ತ್ರಿವಿಕ್ರಮನಿಗೆ ಬಹಳ ಸಂತೋಷವೇ ಆಯಿತು. ಮಾರ್ಗರೆಟ್ ಅವನ ಕೈ ಕುಲುಕಿ, ಮುಂದಿನ ವಾರ ಒಪ್ಪಂದದ ಕಾಗದ ಕಳಿಸುತ್ತೇವೆ ಎಂದಳು.

ಆಮೇಲೆ ಅವಳು ಬಾಗಿಲ ಬಳಿ ನಿಂತಿದ್ದ ಜೂಲಿಯ ಕಡೆ ತಿರುಗಿದಳು. "ನಿನ್ನ ಮೆಷಿನ್ನಿನಲ್ಲೇ ದೋಷ ಇರೋದು. ಅದನ್ನು ಇವತ್ತೇ ಅಂಗಡಿಗೆ ವಾಪಸ್ ಕಳಿಸು."

"ನನಗೇನೋ ಚೆನ್ನಾಗೇ ಕೆಲಸ ಮಾಡ್ತಿತ್ತು," ಎಂದಳು ಜೂಲಿ.

"ಅಷ್ಟು ಬೇಗ ಮುಗಿಸಿದ್ದನ್ನು ನೀನೂ ನೋಡಿದೆಯಲ್ಲ. ಏನೇನು ತಪ್ಪು ಮಾಡಿದೆಯೋ! ಅಂಥ ಇನ್ನೂ ನಲವತ್ತಕ್ಕೆ ಆರ್ಡರ್ ಕೊಟ್ಟಿದ್ದೇವೆ. ಎಲ್ಲಾ ರದ್ದು ಮಾಡಿಸಬೇಕು. ಈ ಸಜ್ಜನರ ಹತ್ತಿರ ಇರೋ ಥರದ್ದು ಎಲ್ಲಿ ಸಿಗುತ್ತೆ ಅಂತ ಬರೆದುಕೋ."

ಜೂಲಿ ಒಂದು ಪೆನ್ಸಿಲ್ ತೆಗೆದುಕೊಂಡು ಬಡಪಾಯಿಯ ಹಿಂಬದಿಗೆ ಬಂದು, ಬಾಗಿ, ಮಾಡೆಲ್ ನಂಬರ್ ಹುಡುಕತೊಡಗಿದಳು.

ತ್ರಿವಿಕ್ರಮ ಸುಮ್ಮನಿರಬಹುದಿತ್ತು. ಯಜಮಾನನಿಗೆ ಸುಳ್ಳು ಹೇಳಬಲ್ಲ, ಮಾರ್ಗರೆಟ್‌ಗೆ ಹೇಳಬಲ್ಲ, ತನಗೆ ತಾನು ಹೇಳಿಕೊಳ್ಳುವುದರಲ್ಲಂತೂ ಪಳಗಿದ ಕೈ. ನೋರ್ಬರ್ಟ್‌ನ ಮುಖ ಕಣ್ಣ ಮುಂದೆ ಬಂತು, ಕ್ರಿಸ್‌ಮಸ್ ಬಂತು, ಸಂಘದ ಊಟದಲ್ಲಿ ಇನ್ನು ಮುಂದೆ ಬಾಯಿ ಮುಚ್ಚಿಕೊಂಡು ಒಬ್ಬಟ್ಟು ತಿನ್ನಬೇಕಾದೀತು ಎಂಬುದೂ ಬಂತು. ಆದರೆ ಬಾಗಿಲಾಚೆ ಜೂಲಿಯ ಕಂಪ್ಯೂಟರಿಗೆ ಮಾತು ಕೇಳಿಸಿಕೊಂಡ ಯಾರೋ ಆಗಲೇ ಅಂಟುಪಟ್ಟಿ ಸುತ್ತುತ್ತಿದ್ದರು. ಅಷ್ಟು ಚೆಂದದ ಯಂತ್ರ. ಅವನ ಐದು ವರ್ಷದ ದುಡಿಮೆಯನ್ನು ಟೀ ಕುಡಿಯಲೂ ಬಿಡದೆ ಸೋಲಿಸಿದ ಯಂತ್ರ. ಅದನ್ನು ಕೆಟ್ಟಿದೆ ಎಂದು ವಾಪಸ್ ಕಳಿಸುವುದನ್ನು ನೋಡುತ್ತ ನಿಲ್ಲಲು ಅವನೊಳಗಿದ್ದ ಎಂಜಿನಿಯರಿಗೆ ಆಗಲಿಲ್ಲ.

"ಅದಕ್ಕೆ ಏನೂ ಆಗಿಲ್ಲ," ಎಂದ.

ಮಾರ್ಗರೆಟ್ ತಿರುಗಿ ನೋಡಿದಳು.

"ಜೂಲಿಯವರ ಮೆಷಿನ್ನಿಗೆ ಏನೂ ಆಗಿಲ್ಲ. ಏನನ್ನೂ ಬಿಟ್ಟಿಲ್ಲ, ಏನೂ ತಪ್ಪು ಮಾಡಿಲ್ಲ. ನೀವು ಆರ್ಡರ್ ಕೊಟ್ಟಿದ್ದು ಸರಿಯಾಗೇ ಇದೆ, ರದ್ದು ಮಾಡಬೇಡಿ. ನಾನು ತಂದಿರೋದೇ ಹಳೇದು. ಸೋಲಲಿ ಅಂತಲೇ ಇಟ್ಟುಕೊಂಡಿದೀವಿ."

ಬಡಪಾಯಿ ಗರಗರನೆ ತನ್ನ ಕೆಲಸ ಮುಂದುವರಿಸಿತ್ತು. ಜೂಲಿ ಪೆನ್ಸಿಲ್ ಹಿಡಿದುಕೊಂಡೇ ಮೆಲ್ಲಗೆ ಎದ್ದು ನಿಂತಳು.

"ಹಾಗಾದರೆ ನಿಮ್ಮ ಪೆಟ್ಟಿಗೆ?" ಎಂದು ಕೇಳಿದಳು ಮಾರ್ಗರೆಟ್. ಗದರಿಸುವ ದನಿಯಲ್ಲ, ಕಾಯಿಲೆಯವರನ್ನು ವಿಚಾರಿಸುವ ದನಿ.

ತ್ರಿವಿಕ್ರಮ ಅದರ ಮೇಲೆ ಕೈಯಿಟ್ಟ. ಮೂರು ಸಂಪುಟ ಓಡಿ ಬೆಚ್ಚಗಾಗಿತ್ತು.

"ಅದಕ್ಕೂ ಏನೂ ಆಗಿಲ್ಲ ಮೇಡಂ," ಎಂದ. "ತುಂಬಾ ಚೆನ್ನಾಗಿದೆ. ನಿಮಗೆ ಬೇಕಾಗಿಲ್ಲ, ಅಷ್ಟೆ."