ಮೂರನೆಯ ಬ್ಯಾಟರಿ

ಡಿಪೋದಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ‘ಫ್ಯೂಸು’ ಅಂತಲೇ ಕರೆಯುತ್ತಿದ್ದರು. ಮೂವತ್ತೆರಡು ವರ್ಷ ಬಸ್ಸುಗಳ ವೈರಿಂಗ್ ನೋಡಿಕೊಂಡವನು ಅನ್ನುವುದು ಒಂದು ಕಾರಣ, ಮೂಗಿನ ತುದಿಯಲ್ಲೇ ಕೋಪ ಅನ್ನುವುದು ಇನ್ನೊಂದು. ನನಗೇನೂ ಬೇಜಾರಿರಲಿಲ್ಲ. ಕೆಲಸ ಗೊತ್ತಿದ್ದವನಿಗೆ ಒಂಚೂರು ಕೋಪ ಇದ್ದರೆ ಏನಾಯ್ತು, ಅಂತ ಮೆರೆಯುತ್ತಿದ್ದೆ.

ನನ್ನ ಅಕ್ಕನ ಶ್ವಾಸಕೋಶ ಕೆಟ್ಟು ಎರಡು ವರ್ಷವಾಗಿತ್ತು. ನಲವತ್ತು ವರ್ಷ ಹೊಲಿಗೆ ಮಿಷಿನ್ ತುಳಿದು ಮನೆ ನಡೆಸಿದ ಗಟ್ಟಿಗಿತ್ತಿ, ಈಗ ಆಮ್ಲಜನಕದ ಮಿಷಿನ್ನಿಗೆ ಕಟ್ಟುಬಿದ್ದಿದ್ದಳು. ಮೂಗಿಗೆ ಸಿಕ್ಕಿಸಿಕೊಂಡ ಕೊಳವೆ ಹದಿನೈದು ಮೀಟರು. ಅಡುಗೆಮನೆಗೆ ಸಾಕು, ಬಚ್ಚಲಿಗೆ ಸಾಕು, ಗೇಟಿಗೆ ಸಾಲದು. ಕೊಳವೆ ಕಿತ್ತಿಟ್ಟು ಐದು ನಿಮಿಷ ಓಡಾಡುತ್ತಿದ್ದಳು, ಆಮೇಲೆ ತುಟಿ ನೀಲಿಯಾಗುತ್ತಿತ್ತು. ಒಂದು ದಿನ ಕಾಫಿ ಲೋಟ ಟಕ್ಕಂತ ಕೆಳಗಿಟ್ಟು, “ನಾನು ಈ ನಾಲ್ಕು ಗೋಡೆ ನೋಡ್ಕೊಂಡು ಸಾಯಲ್ಲ” ಅಂದಳು.

ಭಾವ ನಿವೃತ್ತ ಭೂಗೋಳದ ಮೇಷ್ಟ್ರು. ಜೋರಾಗಿ ಸೀನುವುದಕ್ಕೂ ಸಂಕೋಚಪಡುವ ಮನುಷ್ಯ. ಅಂಥವರು ಮಾರನೇ ವಾರವೇ ಕಾರು ಮಾರಿ ಒಂದು ಹಳೇ ಮೋಟಾರ್‌ಹೋಮ್ ತಂದು ಅಂಗಳದಲ್ಲಿ ನಿಲ್ಲಿಸಿದರು. ಒಳಗೆ ಮಂಚ, ಒಲೆ, ಸಿಂಕು, ಎಲ್ಲ ಇತ್ತು. ಅಕ್ಕ ಅದಕ್ಕೆ ಮನೆಗಾಡಿ ಅಂತ ಹೆಸರಿಟ್ಟಳು. ಇಂಥ ಗಾಡಿಯಲ್ಲಿ ಎಂಜಿನ್ನಿಗೆ ಒಂದು ಬ್ಯಾಟರಿ, ಒಳಗಿನ ಸಂಸಾರಕ್ಕೆ ಬೇರೆ ಬ್ಯಾಟರಿ. ಗಾಡಿ ಓಡುವಾಗ ಎರಡೂ ಚಾರ್ಜ್ ಆಗುತ್ತವೆ. ನಿಂತಾಗ ದೀಪ, ಫ್ಯಾನು, ಅಕ್ಕನ ಮಿಷಿನ್ನು ಎಲ್ಲಕ್ಕೂ ಮನೆ ಬ್ಯಾಟರಿಯೇ ಗತಿ. ಅದು ಇದ್ದದ್ದು ಒಂದೇ, ಅದೂ ಹಳೆಯದು. ಅದರ ಮೇಲೆ ಮಿಷಿನ್ನು ಎರಡು ಗಂಟೆ ಓಡಿದರೆ ಹೆಚ್ಚು. ನಮಗೆ ಬೇಕಾಗಿದ್ದು ಎಂಟು ಗಂಟೆ.

“ಬ್ಯಾಟರಿ ಜಾಸ್ತಿ ಮಾಡೋದು ನನ್ನ ತಲೆನೋವು, ನೀವು ದಾರಿ ನೋಡ್ಕೊಳಿ” ಅಂದೆ.

ಮಂಚದ ಕೆಳಗೆ ಜಾಗ ಮಾಡಿ ಎರಡು ಹೊಸ ಬ್ಯಾಟರಿ ಕೂರಿಸಿದೆ. ಪಕ್ಕದಲ್ಲೇ ಹಳೆಯದನ್ನೂ ಸೇರಿಸಿ ಮೂರನ್ನೂ ಜೋಡಿಸಿದೆ. ಡಿಪೋದ ಅಭ್ಯಾಸ ಅದು. ಅಲ್ಲಿ ಸ್ಟೋರಿನವನು ಒಂದು ಹೊಸದು ಕೊಟ್ಟರೆ ದೊಡ್ಡದು, ಹಳೆಯದಕ್ಕೆ ನೀರು ಹಾಕಿ, ನಿಧಾನಕ್ಕೆ ಚಾರ್ಜು ಕೊಟ್ಟು, ಎಬ್ಬಿಸಿ ಹೊಸದರ ಜೊತೆಗೆ ದುಡಿಸುತ್ತಿದ್ದೆವು. ಸತ್ತ ಬ್ಯಾಟರಿಗೆ ಜೀವ ಬರಿಸುವವನು ಅಂತ ನನಗೆ ಹೆಸರೇ ಇತ್ತು.

ಭಾವ ಬಾಗಿಲಲ್ಲಿ ನಿಂತು, “ಮೂರೂ ಹೊಸದೇ ಹಾಕಿದ್ರೆ ಆಗ್ತಿರಲಿಲ್ವಾ? ಪುಸ್ತಕದಲ್ಲಿ...” ಅಂತ ಶುರುಮಾಡಿದರು.

ನಾನು ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದೆ. “ಭಾವ, ನೀವು ಪಾಠ ಮಾಡಿದ್ದು ನದಿ ಬೆಟ್ಟದ್ದು. ಕರೆಂಟಿನದ್ದು ನಂಗೆ ಬಿಡಿ. ಇಲ್ಲಾಂದ್ರೆ ಪುಸ್ತಕವನ್ನೇ ಕರೆಸಿ ಕೆಲಸ ಮಾಡಿಸ್ಕೊಳಿ!”

ಅವರು ಕನ್ನಡಕ ಒರೆಸಿಕೊಂಡು ಒಳಗೆ ಹೋದರು.

ಪರೀಕ್ಷೆ ಮಾಡದೆ ಹೊರಡುವುದಿಲ್ಲ ಅಂತ ಮೊದಲೇ ಮಾತಾಗಿತ್ತು. ಒಂದು ಬೆಳಿಗ್ಗೆ ಅಂಗಳದಲ್ಲೇ, ಮನೆಯ ಕರೆಂಟಿನ ವೈರು ಬಿಡಿಸಿ, ಬರೀ ಬ್ಯಾಟರಿ ಮೇಲೆ ಮಿಷಿನ್ನು ಹಾಕಿದೆವು. ಅಕ್ಕ ಮಂಚದ ಮೇಲೆ ಮಲಗಿದಳು. ಭಾವ ಅರ್ಧ ಗಂಟೆಗೊಮ್ಮೆ ಮೀಟರ್ ನೋಡಿ ವೋಲ್ಟು ಬರೆದುಕೊಂಡರು. ಹನ್ನೆರಡೂವರೆ ವೋಲ್ಟಿನಿಂದ ಶುರುವಾಗಿದ್ದು ಮಧ್ಯಾಹ್ನದ ಹೊತ್ತಿಗೆ ಹನ್ನೆರಡಕ್ಕೆ ಇಳಿಯಿತು. ಹೀಗೇ ಇಳಿದರೆ ಸಂಜೆಯ ತನಕ ಬರುವುದಿಲ್ಲ ಅಂತ ನನಗೆ ಗೊತ್ತಾಯಿತು. ಇನ್ನೂ ನಾಲ್ಕು ಗಂಟೆ ಬಾಕಿ ಇತ್ತು. ಯಾರಿಗೂ ಏನೂ ಹೇಳದೆ ಊಟಕ್ಕೆ ನನ್ನ ಮನೆಗೆ ಹೋದೆ. ಭಾವ ಔಷಧಿ ಅಂಗಡಿಗೆ ಹೋದರು.

ವಾಪಸು ಬಂದಾಗ ಮೀಟರಿನಲ್ಲಿ ಹದಿಮೂರಕ್ಕೂ ಮೇಲೆ!

“ಏರಿದೆಯಲ್ಲೋ?” ಅಂದರು ಭಾವ.

“ಹಳೇದಕ್ಕೆ ಈಗ ಜೀವ ಬಂದಿದೆ. ಬರ್ಕೊಳಿ, ಬರ್ಕೊಳಿ” ಅಂದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಒಂದೇ ಸಮನೆ ಕರೆಂಟು ಎಳೆಯುತ್ತಿರುವಾಗ ಯಾವ ಬ್ಯಾಟರಿಯ ವೋಲ್ಟೂ ತಾನಾಗಿ ಏರುವುದಿಲ್ಲ. ಡಿಪೋಗೆ ನಿನ್ನೆ ಸೇರಿದವನಿಗೂ ಗೊತ್ತಿರುವ ಸಂಗತಿ. ಆದರೆ ಅದು ಏರಬೇಕು ಅಂತ ನನಗೆ ಆಸೆಯಿತ್ತು. ಸಂಜೆ ನಾಲ್ಕಕ್ಕೆ ಎಂಟು ಗಂಟೆ ಮುಗಿಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೂವರೂ ಹೊರಟೆವು. ಎರಡು ದಿನ ಯಾವ ತೊಂದರೆಯೂ ಆಗಲಿಲ್ಲ. ಹಗಲೆಲ್ಲ ಗಾಡಿ ಓಡುತ್ತಿತ್ತು, ತಂಗುವ ಕಡೆ ಪ್ಲಗ್ ಇರುತ್ತಿತ್ತು. ಅಕ್ಕ ಕಿಟಕಿಗೆ ಮುಖ ಹಚ್ಚಿಕೊಂಡು, ಕಂಡ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು.

ಮೂರನೇ ದಿನ ಮಧ್ಯಾಹ್ನ ಹಡಗು ಹತ್ತಿದೆವು. ಗಾಡಿಗಳನ್ನು ಆಚೆ ದಡಕ್ಕೆ ಸಾಗಿಸುವ ದೊಡ್ಡ ಹಡಗು, ಮೂರು ಗಂಟೆಯ ದಾರಿ. ಕೆಳಗಿನ ಅಂತಸ್ತಿನಲ್ಲಿ ಹಿಂದೊಂದು ಮುಂದೊಂದು ಲಾರಿ, ಎರಡೂ ಪಕ್ಕ ಲಾರಿ. ಎಂಜಿನ್ ಆರಿಸಲೇಬೇಕು ಅನ್ನುವುದು ಅಲ್ಲಿನ ಕಾನೂನು. ಪ್ರಯಾಣಿಕರು ಮೇಲೆ ಹೋಗಬೇಕು, ಆದರೆ ಅಷ್ಟು ಕಡಿದಾದ ಮೆಟ್ಟಿಲು ಅಕ್ಕನಿಂದ ಆಗುವ ಮಾತಲ್ಲ. ಹಡಗಿನ ಕೆಲಸದವನು ಅವಳ ಕೊಳವೆ ನೋಡಿ, “ನೀವು ಮೂವರೂ ಇಲ್ಲೇ ಇರಿ, ಬೀಡಿಗೀಡಿ ಹಚ್ಚಬೇಡಿ” ಅಂತ ಹೇಳಿ ಹೋದ.

ಒಂದೂಕಾಲು ಗಂಟೆ ಕಳೆದಿರಬೇಕು. ಮೀಟರು ಕೀಂವ್ ಅಂತ ಕೂಗಿತು.

ನೋಡಿದೆ. ಹನ್ನೊಂದು ಮುಕ್ಕಾಲು. ನೋಡುತ್ತಿದ್ದ ಹಾಗೇ ಇನ್ನೂ ಇಳಿಯಿತು. ಆಗ ಮೂಗಿಗೆ ವಾಸನೆ ಬಡಿಯಿತು, ಕೊಳೆತ ಮೊಟ್ಟೆಯ ವಾಸನೆ. ಮಂಚದ ಹಲಗೆ ಮುಟ್ಟಿದರೆ ಬೆಚ್ಚಗಿತ್ತು.

ಏನಾಗಿದೆ ಅಂತ ಕ್ಷಣದಲ್ಲಿ ಗೊತ್ತಾಯಿತು. ಹಳೇ ಬ್ಯಾಟರಿ ಒಳಗೇ ಸತ್ತಿತ್ತು. ಎರಡು ಹೊಸದರ ಕಸುವನ್ನೂ ಅದು ಎಳೆದು ನುಂಗಿ, ಕಾದು, ಅನಿಲ ಕಾರುತ್ತಿತ್ತು. ಆ ಅನಿಲಕ್ಕೆ ಒಂದು ಕಿಡಿ ಬಿದ್ದರೆ ಮುಗಿಯಿತು. ಅದರ ಮೇಲೆ ಮಲಗಿದ್ದವಳ ಮೂಗಲ್ಲಿ ಆಮ್ಲಜನಕ!

“ಭಾವ, ಮಿಷಿನ್ ಆರಿಸಿ. ಬೇರೆ ಯಾವ ಸ್ವಿಚ್ಚೂ ಮುಟ್ಟಬೇಡಿ. ಅಕ್ಕನ್ನ ಕೆಳಗಿಳಿಸಬೇಕು, ಈಗಲೇ!”

ತುರ್ತಿಗೆ ಅಂತ ಆಮ್ಲಜನಕದ ಒಂದು ಚಿಕ್ಕ ಸಿಲಿಂಡರು ಇಟ್ಟುಕೊಂಡಿದ್ದೆವು. ತುಂಬಿದ್ದರೆ ಒಂದು ಗಂಟೆ. ದಾರಿಯಲ್ಲಿ ಇಳಿದು ಹತ್ತುವುದಕ್ಕೆ ಬಳಸಿ ಅರ್ಧವಾಗಿತ್ತು. ದಡ ಇನ್ನೂ ಒಂದೂಮುಕ್ಕಾಲು ಗಂಟೆ ದೂರ.

ಪಕ್ಕದ ಲಾರಿಗಳು ಎಷ್ಟು ಒತ್ತಿಕೊಂಡಿದ್ದವೆಂದರೆ ನಮ್ಮ ಬಾಗಿಲು ಒಂದು ಗೇಣು ತೆರೆಯಿತು ಅಷ್ಟೇ. ಡ್ರೈವರ್ ಬಾಗಿಲಿನ ಕಡೆ ಸ್ವಲ್ಪ ಜಾಗವಿತ್ತು. ಭಾವ ಕೆಳಗಿಂದ ಹಿಡಿದರು, ನಾನು ಒಳಗಿಂದ ಎತ್ತಿ ಕೊಟ್ಟೆ. ಅಕ್ಕ ಇಷ್ಟು ಹಗುರಾಗಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಲಾರಿಗಳ ಸಂದಿಯಲ್ಲಿ ಇಪ್ಪತ್ತು ಹೆಜ್ಜೆ ದೂರ, ಗಾಳಿ ಬರುವ ಕಿಂಡಿಯ ಹತ್ತಿರ ದಿಂಬು ಹಾಕಿ ಕೂರಿಸಿ, ಸಿಲಿಂಡರಿನ ಕೊಳವೆ ಮೂಗಿಗೆ ಸಿಕ್ಕಿಸಿದೆವು.

ಭಾವ ಕೆಲಸದವನನ್ನು ಹಿಡಿದು ತಂದರು. ಅವನಿಗೂ ವಾಸನೆ ಬಡಿದು ಮುಖ ಬಿಳಿಚಿಕೊಂಡಿತು.

“ಪ್ಲಗ್ ಇದೆಯೇನಪ್ಪಾ ಇಲ್ಲಿ?” ಅಂದೆ.

“ಫ್ರಿಜ್ ಇರೋ ಲಾರಿಗಳದ್ದಿದೆ. ನಿಮ್ಮ ಪಿನ್ನು ಅದಕ್ಕೆ ಕೂರಲ್ಲ, ಕರೆಂಟೂ ಬೇರೆ. ಆ ಬ್ಯಾಟರಿ ಬಿಚ್ಚೋಕಾಗುತ್ತಾ? ಇಲ್ಲಾಂದ್ರೆ ಮೇಲೆ ಹೇಳಿ ಸೈರನ್ ಹೊಡೆಸ್ತೀನಿ.”

“ಬಿಚ್ತೀನಿ. ಅನಿಲ ಹೊರಗೆ ಹೋಗಬೇಕು, ಹತ್ತು ನಿಮಿಷ ಬೇಕು.”

ಅವನು ರೇಡಿಯೋದಲ್ಲಿ ಮೇಲಿನವರಿಗೆ ಹೇಳಿ, ಬೆಂಕಿ ಆರಿಸುವ ಸಿಲಿಂಡರು ಹಿಡಿದು ಪಕ್ಕದಲ್ಲೇ ನಿಂತ.

ಕಿಟಕಿ, ಛಾವಣಿಯ ಕಿಂಡಿ ಎಲ್ಲ ಕೈಯಲ್ಲೇ ತೆರೆದೆ. ಇನ್ನು ಕಾಯುವುದೊಂದೇ. ಜೀವಮಾನದಲ್ಲಿ ನಾನು ಹತ್ತು ನಿಮಿಷ ಸುಮ್ಮನೆ ಕಾದವನಲ್ಲ. ಬಸ್ಸು ತಡವಾದರೆ ಡ್ರೈವರನ ಜನ್ಮ ಜಾಲಾಡುತ್ತಿದ್ದವನು. ಇಲ್ಲಿ ಯಾರನ್ನು ಬೈಯುವುದು? ಅಕ್ಕನ ಹತ್ತಿರ ಹೋಗಿ ಕೂತೆ. ಆಮ್ಲಜನಕದ ಸಿಲಿಂಡರಿನ ಮುಳ್ಳು ಕಣ್ಣೆದುರೇ ಇಳಿಯುತ್ತಿತ್ತು.

“ಅವತ್ತು ಎಂಟು ಗಂಟೆ ಓಡಿತ್ತಲ್ಲೇ! ಇವತ್ತು ಏನಾಯ್ತೇ ಇದಕ್ಕೆ!” ಅಂತ ಹಲುಬಿದೆ.

ಅಕ್ಕ ಒಂದೊಂದೇ ಮಾತು ಉಸಿರು ಎಳೆದುಕೊಂಡು ಹೇಳಿದಳು. “ಓಡಿರಲಿಲ್ಲ ಕಣೋ. ನೀವು ಅತ್ಲಾಗೆ ಹೋದಾಗ ಮೀಟರು ಇನ್ನೂ ಇಳೀತಿತ್ತು... ನಾನೇ ಇಳಿದು ಮನೆ ಕರೆಂಟಿನ ವೈರು ಸಿಕ್ಕಿಸಿದೆ. ಗಾಡಿ ಹಿಂದಿನ ಪ್ಲಗ್ಗಿಗೆ. ನಾಲ್ಕು ಗಂಟೆಗೆ ನೀನು ಭಾವನ ಮುಂದೆ ಜಂಬ ಕೊಚ್ತಿದ್ದಾಗ ಕಿತ್ತೆ.”

ನನಗೆ ಕೋಪ ನೆತ್ತಿಗೇರಿತು. “ತಲೆ ಕೆಟ್ಟಿದೆಯೇನೇ ನಿಂಗೆ? ನಿನ್ನ ಉಸಿರಿನ ಪರೀಕ್ಷೆಗೆ ನೀನೇ ಕಾಪಿ ಹೊಡೆದೆಯಲ್ಲೇ! ಫೇಲಾಗಿದೆ ಅಂತ ಒಂದು ಮಾತು ಹೇಳೋಕೆ ಏನು ಧಾಡಿ?”

“ಯಾರಿಗೆ ಹೇಳಲಿ? ನಿಂಗಾ?” ಅಕ್ಕ ನನ್ನನ್ನೇ ನೋಡಿದಳು. “ಹಿಂದೆ ನೀನು ಮಾಡಿದ್ದ ಮನೆ ವೈರಿಂಗ್‌ನಲ್ಲಿ ತಪ್ಪಿದೆ ಅಂತ ಭಾವ ಒಂದು ಮಾತು ಅಂದಿದ್ದಕ್ಕೆ ಒಂದು ವರ್ಷ ನಮ್ಮ ಮನೆ ಹೊಸ್ತಿಲು ತುಳೀಲಿಲ್ಲ ನೀನು. ಒಂದು ವರ್ಷ ಕಾಯೋಷ್ಟು ಉಸಿರು ನನ್ನ ಹತ್ರ ಇಲ್ಲ ಕಣೋ.”

ಕೆಲಸದವನು ದೂರದಿಂದ, “ಹತ್ತು ನಿಮಿಷ ಆಯ್ತು, ಯಜಮಾನ್ರೇ” ಅಂದ.

ಒಳಗೆ ಹೋದೆ. ವಾಸನೆ ತೆಳುವಾಗಿತ್ತು. ಉಂಗುರ ಬಿಚ್ಚಿಟ್ಟು, ಸ್ಪ್ಯಾನರಿನ ಹಿಡಿಗೆ ಒಣ ಬಟ್ಟೆ ಸುತ್ತಿದೆ. ಮೊದಲು ಹಳೆಯದರ ನೆಗೆಟಿವ್. ಇದೇ ಕೈ ಸಾವಿರ ಸಲ ಮಾಡಿದ ಕೆಲಸ, ಆದರೂ ನಟ್ಟು ಅರ್ಧ ಸುತ್ತು ತಿರುಗುವುದಕ್ಕೆ ಬೆವರು ಕಣ್ಣಿಗಿಳಿಯಿತು. ತಂತಿ ಎದ್ದುಬಂತು. ಒಂದು ಪುಟ್ಟ ಚಿಟ್ ಸದ್ದು. ಅಲ್ಲೇ ಕಣ್ಣು ಮುಚ್ಚಿದೆ.

ಏನೂ ಆಗಲಿಲ್ಲ. ಪಾಸಿಟಿವ್ ಬಿಚ್ಚಿದೆ, ಎರಡು ತುದಿಗೂ ಟೇಪು ಸುತ್ತಿದೆ. ಮೀಟರು ಮೆಲ್ಲಗೆ ಮೇಲೆದ್ದು ಹನ್ನೆರಡು ದಾಟಿ ನಿಂತಿತು.

“ಎಷ್ಟಿದೆ ಸಿಲಿಂಡರು?” ಅಂತ ಕೂಗಿದೆ.

“ಕೆಂಪು ಗೆರೆಗೆ ಬಂತು!” ಭಾವ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಆವತ್ತೇ ಕೇಳಿದ್ದು.

ಅಕ್ಕನನ್ನು ಹತ್ತಿಸಿದೆವು. ಮಿಷಿನ್ನು ಗುರ್ ಅಂದಿತು. ಅವಳ ತುಟಿಗೆ ಬಣ್ಣ ಬರುವ ತನಕ ನಾವಿಬ್ಬರೂ ಮಂಚದ ಪಕ್ಕ ಮಂಡಿಯೂರಿ ಕೂತಿದ್ದೆವು. ಅನಂತರವೂ ಮೀಟರಿನಿಂದ ಕಣ್ಣು ಕೀಳಲಿಲ್ಲ. ಹೊಸ ಬ್ಯಾಟರಿ ಎರಡೂ ದಡ ಮುಟ್ಟಿಸಿದವು.

ಆಚೆ ದಡದಲ್ಲಿ ಒಂದು ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ, ಅವರ ಪ್ಲಗ್ಗಿಗೆ ಸಿಕ್ಕಿಸಿ, ಹಳೇ ಬ್ಯಾಟರಿಯನ್ನು ಅವರ ಗುಜರಿಗೆ ಒಪ್ಪಿಸಿದೆ. ವಾಪಸು ಹೋಗೋಣ ಅಂದೆ. ಅಕ್ಕ, “ನೀನು ಬೇಕಾದ್ರೆ ಬಸ್ಸಿಗೆ ಹೋಗು” ಅಂತ ಮಗ್ಗುಲು ಬದಲಿಸಿದಳು.

ನಾನು ಮಂಚದ ಹಲಗೆ ಎತ್ತಿ, ಬ್ಯಾಟರಿಗಳ ಮುಂದೆ ಕೂತೆ. ಆಮೇಲೆ ಜೀವಮಾನದಲ್ಲಿ ಕೇಳದ ಮಾತು ಕೇಳಿದೆ. “ಭಾವ, ಇಲ್ಲಿ ಬನ್ನಿ. ಏನು ತಪ್ಪಿದೆ ನೋಡಿ ಹೇಳಿ.”

ಭಾವ ಬಂದರು. ಮೊದಲು ನೋಡಿದ್ದು ಬ್ಯಾಟರಿಯನ್ನಲ್ಲ, ನನ್ನ ಮುಖವನ್ನು. ಮಳೆ ಬರುತ್ತದೋ ಇಲ್ಲವೋ ಅಂತ ಆಕಾಶ ನೋಡುತ್ತಾರಲ್ಲ, ಹಾಗೆ. ಎಷ್ಟು ವರ್ಷದಿಂದ ಹೀಗೆ ನೋಡಿಕೊಂಡು ಬಾಯಿ ಮುಚ್ಚಿಕೊಂಡಿದ್ದರೋ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಮಿಷಿನ್ನಿಗೆ ಹೋಗೋ ಎರಡು ತಂತೀನೂ ಒಂದೇ ಬ್ಯಾಟರಿಯಿಂದ ತೆಗೆದಿದ್ದೀಯ” ಅಂದರು ಮೆಲ್ಲಗೆ. “ಒಂದು ಈ ತುದಿಯದರಿಂದ, ಇನ್ನೊಂದು ಆ ತುದಿಯದರಿಂದ ತೆಗೀಬೇಕಂತೆ. ಆಗ ಎಲ್ಲದಕ್ಕೂ ಸಮ ಭಾರ ಬೀಳುತ್ತೆ ಅಂತ ಓದಿದ್ದೆ.”

ಸರಿಯಾಗಿತ್ತು. ನೂರಕ್ಕೆ ನೂರು ಸರಿ. “ಯಾವಾಗ ಗೊತ್ತಾಯ್ತು ನಿಮಗೆ?”

“ನೀನು ಜೋಡಿಸಿದ ದಿನಾನೇ.”

ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. “ಇನ್ನೇನಿದೆ?”

ಭಾವ ಅಕ್ಕನ ಕಡೆ ತಿರುಗಿದರು. “ಹೇಳಿ, ಇವತ್ತು ಕೇಳ್ತಾನೆ” ಅಂದಳು ಅವಳು, ಕಣ್ಣು ತೆರೆಯದೆಯೇ.

ಅವರು ಇನ್ನೂ ನಾಲ್ಕು ಹೇಳಿದರು. ಮೂರು ಸರಿಯಾಗಿದ್ದವು, ಒಂದು ಶುದ್ಧ ತಪ್ಪು. ಅದನ್ನೂ ಕೊನೆಯ ತನಕ ಕೇಳಿಸಿಕೊಂಡೆ.